ಕಾಣದ ಸ್ಪೀಕರ್ ಪರವಾಗಿ ಒಂದಿಷ್ಟು ವಾದ

ಆಫೀಸಿನಲ್ಲಿ ಯಾರಾದ್ರೂ ಹೊಸ ಕಾರು ತಗೊಂಡ್ರೆ, ಸ್ವೀಟ್ ಹಂಚಿದ ಮಾರನೇ ವಾರಕ್ಕೆ ಒಂದು ಪ್ರಶ್ನೆ ಬಂದೇ ಬರುತ್ತೆ. "ಮಗಾ, ಮ್ಯೂಸಿಕ್ ಸಿಸ್ಟಮ್ ಏನ್ ಮಾಡಿಸ್ದೆ?" ಕಾರಿನ ವಿಷಯ ನಾಲ್ಕಕ್ಷರ ಓದಿಕೊಂಡವನು ಅನ್ನೋ ಹೆಸರು ಹೇಗೋ ನನಗೆ ಅಂಟಿಕೊಂಡಿರೋದ್ರಿಂದ, ಕೊನೆಗೆ ಆ ಪ್ರಶ್ನೆ ನನ್ನ ಟೇಬಲ್ಲಿಗೂ ಬರುತ್ತೆ. ನನ್ನದು ಒಂದೇ ಉತ್ತರ. ಸ್ಪೀಕರ್ ಖಂಡಿತ ಬದಲಾಯಿಸು, ಆದ್ರೆ ಬದಲಾಯಿಸಿದ್ದು ಯಾರ ಕಣ್ಣಿಗೂ ಬೀಳಬಾರದು.

ಕೇಳಿದವರು ನಗ್ತಾರೆ. ದುಡ್ಡು ಕೊಟ್ಟು ಹಾಕಿಸಿಕೊಂಡು ಯಾರಿಗೂ ಕಾಣದ ಹಾಗೆ ಮುಚ್ಚಿಡೋದಾದ್ರೆ ಹಾಕಿಸೋದು ಯಾತಕ್ಕೆ ಅಂತ. ಈ ನಗುವಿಗೆ ಕ್ಯಾಂಟೀನಿನ ಐದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸೋಕಾಗಲ್ಲ, ಅದಕ್ಕೇ ಇಲ್ಲಿ ಕೂತು ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ :)

ಮೊದಲಿಗೆ ನನ್ನ ವಾದ ಏನು ಅಂತ ಹೇಳಿಬಿಡ್ತೀನಿ. ಕಾರಿನಲ್ಲಿ ಹಾಡು ಚೆನ್ನಾಗಿ ಕೇಳಿಸೋದಕ್ಕೂ ಕಾರಿನ ಒಳಗಿನ ರೂಪ ಬದಲಾಗೋದಕ್ಕೂ ಯಾವ ಸಂಬಂಧವೂ ಇಲ್ಲ. ಸಂಬಂಧ ಇದೆ ಅಂತ ನಮ್ಮನ್ನ ನಂಬಿಸಿರೋದು ಆಕ್ಸೆಸರಿ ಅಂಗಡಿಗಳು. ಕಣ್ಣಿಗೆ ಕಾಣೋದನ್ನ ಮಾರೋದು ಸುಲಭ ಅಲ್ವಾ? ನೀಲಿ ಲೈಟ್ ಹತ್ತೋ ಆಂಪ್ಲಿಫೈಯರ್, ಡಿಕ್ಕಿ ತುಂಬೋ ಬೇಸ್ ಟ್ಯೂಬ್, ಹಿಂದಿನ ಪಾರ್ಸೆಲ್ ಟ್ರೇ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದ ಓವಲ್ ಸ್ಪೀಕರ್... ಇವನ್ನೆಲ್ಲ ತೋರಿಸಿ ದುಡ್ಡು ಕೇಳಬಹುದು. ಬಾಗಿಲಿನ ತಗಡಿನೊಳಗೆ ಅಂಟಿಸೋ ಒಂದು ಹಾಳೆಯನ್ನ ತೋರಿಸಿ "ಸಾರ್, ಇದರಿಂದ ಹಾಡು ಚೆನ್ನಾಗಾಗುತ್ತೆ" ಅಂದ್ರೆ ಯಾರು ನಂಬ್ತಾರೆ? ಆದ್ರೆ ಅಸಲು ಕೆಲಸ ಮಾಡೋದು ಆ ಹಾಳೆಯೇ.

ನಮ್ಮನೆ ಕಾರಿನ ಕಥೆ ಸ್ವಲ್ಪ ಹೇಳ್ಬೇಕು. ಅದು ನನ್ನ ಕಾರಲ್ಲ, ಅಪ್ಪಂದು. ತೀರ್ಥಹಳ್ಳಿ ಕಡೆ ಇರೋದು. ಮಧ್ಯದ ವೇರಿಯಂಟಿನ ಹ್ಯಾಚ್‌ಬ್ಯಾಕು, ನಾಲ್ಕು ಬಾಗಿಲಿಗೆ ನಾಲ್ಕು ಸ್ಪೀಕರು, ಡ್ಯಾಶ್‌ಬೋರ್ಡ್ ಮಧ್ಯೆ ಒಂದು ಟಚ್ ಸ್ಕ್ರೀನು. ಅಪ್ಪ ರಿಟೈರ್ ಆದಾಗ ತಗೊಂಡಿದ್ದು. ಸೀಟಿನ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಸೋಕೇ ಎಂಟು ತಿಂಗಳು ಹಿಡಿದಿತ್ತು ಅಂದ್ರೆ ಅವರು ಅದನ್ನ ಹೇಗೆ ನೋಡ್ಕೋತಾರೆ ಅಂತ ನೀವೇ ಲೆಕ್ಕ ಹಾಕಿ.

ಅಪ್ಪ ಭದ್ರಾವತಿ ಆಕಾಶವಾಣಿ ಕೇಳಿಕೊಂಡು ಬೆಳೆದವರು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಆಮೇಲೆ ಸಿ. ಅಶ್ವಥ್, ಅದು ಬಿಟ್ರೆ ಕಾಳಿಂಗ ನಾವಡರ ಭಾಗವತಿಕೆ. ಇಷ್ಟೇ ಅವರ ಸಂಗೀತ ಪ್ರಪಂಚ. ಈಚೀಚೆಗೆ ಅವರಿಗೆ ಮಾತಿನ ಕೊನೆಯ ಅಕ್ಷರಗಳು ಸರಿಯಾಗಿ ಕೇಳಿಸಲ್ಲ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡೋದು ಮೇಲಿನ ಸ್ವರಗಳನ್ನ. ಸ, ಶ, ತ, ಫ ಇಂಥ ಅಕ್ಷರಗಳು ಇರೋದೇ ಅಲ್ಲಿ. ಕಂಪನಿ ಕೊಟ್ಟ ಸ್ಪೀಕರಿನಲ್ಲೂ ಆ ಭಾಗವೇ ಮಂಕು. ಸ್ಪೀಕರು ಇರೋದು ಕಾಲಿನ ಹತ್ತಿರ, ಬಾಗಿಲ ಕೆಳಗೆ, ಪಕ್ಕದವರ ಮೊಣಕಾಲಿಗೆ ಹಾಡು ಹೇಳ್ತಾ! ಹಾಗಾಗಿ ಅಪ್ಪ ವಾಲ್ಯೂಮ್ ಏರಿಸ್ತಾರೆ. ಏರಿಸಿದ್ರೆ ಸ್ಪಷ್ಟ ಆಗಲ್ಲ, ಬರೀ ಗದ್ದಲ ಆಗುತ್ತೆ, ಅಮ್ಮಂಗೆ ತಲೆನೋವು. "ಸಾಕು, ಆಫ್ ಮಾಡಿ ಅತ್ಲಾಗೆ" ಅಂತಾರೆ. ಶಿವಮೊಗ್ಗ ದಾಟೋ ಹೊತ್ತಿಗೆ ಕಾರಿನಲ್ಲಿ ಮೌನ. ಬೆಂಗಳೂರಿಗೆ ಬರೋ ಆರೇಳು ಗಂಟೆಯ ದಾರಿಯಲ್ಲಿ ಐದು ಗಂಟೆ ಇಬ್ಬರೂ ಹಾಡಿಲ್ಲದೆ ಕೂತಿರ್ತಾರೆ.

ಸ್ಪೀಕರ್ ಬದಲಾಯಿಸೋಣ ಅಂದಾಗ ಅಪ್ಪ ಹೇಳಿದ್ದು: "ಎಂತಕ್ಕೆ ಮಾರಾಯ ಅದೆಲ್ಲ? ಕಾರಿಗೆ ತೂತು ಹೊಡೆಯೋದು ಬೇಡ. ಶೋರೂಮಿಂದ ಹ್ಯಾಗೆ ಬಂದಿದ್ಯೋ ಹಾಗೇ ಇರ್ಲಿ." ಇದನ್ನ ಕೆಲವರು ಹಳೇ ತಲೆಮಾರಿನ ಜಿಪುಣತನ ಅಂತಾರೆ. ನನಗೆ ಹಾಗನ್ನಿಸಲ್ಲ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಇದು ಒಂದು ಒಳ್ಳೇ ರಿಕ್ವೈರ್‌ಮೆಂಟ್. ಒಂದೂ ಹೊಸ ತೂತು ಇರಬಾರದು, ಒಂದೂ ವೈರ್ ಕತ್ತರಿಸಬಾರದು, ಯಾವಾಗ ಬೇಕಾದ್ರೂ ವಾಪಸ್ ಮೊದಲಿನ ಹಾಗೆ ಮಾಡೋ ಹಾಗಿರಬೇಕು. ಸಾಫ್ಟ್‌ವೇರಿನಲ್ಲಿ ರೋಲ್‌ಬ್ಯಾಕ್ ಪ್ಲಾನ್ ಇಲ್ಲದೆ ಒಂದು ಸಾಲು ಕೋಡನ್ನೂ ಪ್ರೊಡಕ್ಷನ್ನಿಗೆ ಹಾಕದ ನಾವು, ಎಂಟು ಲಕ್ಷದ ಕಾರನ್ನ ಮಾತ್ರ ಇಕ್ಕಳ ಹಿಡಿದ ಹುಡುಗನ ಕೈಗೆ ಕೊಟ್ಟು ಟೀ ಕುಡಿಯೋಕೆ ಹೋಗ್ತೀವಲ್ಲ!

ಬೆಂಗಳೂರಿನ ಜೆ.ಸಿ. ರೋಡಿಗೆ ಹೋದವರಿಗೆ ಗೊತ್ತಿರುತ್ತೆ. ಕಾರು ನಿಲ್ಲಿಸೋ ಮೊದಲೇ ಒಬ್ಬರು ಬಂದು ಕಿಟಕಿ ಬಡೀತಾರೆ. "ಸಾರ್ ಸೀಟ್ ಕವರ್? ಮ್ಯೂಸಿಕ್?" ಆ ಸಾಲಿನಲ್ಲಿ ನಿಜಕ್ಕೂ ಕೈಚಳಕ ಇರೋ ಕೆಲಸಗಾರರು ಇದಾರೆ, ಇಲ್ಲ ಅನ್ನಲ್ಲ. ಆದ್ರೆ ಮಾತು ಯಾವಾಗ್ಲೂ ಶುರುವಾಗೋದು ವ್ಯಾಟ್ ಇಂದ. ಡಬ್ಬದ ಮೇಲೆ 300 ವ್ಯಾಟ್, 400 ವ್ಯಾಟ್ ಅಂತ ಅಚ್ಚು ಹಾಕಿರ್ತಾರೆ. ಸ್ವಲ್ಪ ಲೆಕ್ಕ ಮಾಡೋಣ, ಓಮ್ಸ್ ಲಾ ಸಾಕು, ಹೆದರಬೇಡಿ.

ಇಂಜಿನ್ ಓಡ್ತಿರುವಾಗ ಕಾರಿನ ವೋಲ್ಟೇಜ್ ಸುಮಾರು 14.4. ಸಾಮಾನ್ಯ ಕಾರ್ ಸ್ಪೀಕರಿನ ಇಂಪೀಡೆನ್ಸ್ 4 ಓಮ್. ಡ್ಯಾಶ್‌ಬೋರ್ಡಿನ ಯೂನಿಟ್ ಒಳಗಿನ ಪುಟ್ಟ ಆಂಪ್ಲಿಫೈಯರಿಗೆ ಈ 14.4 ಬಿಟ್ರೆ ಬೇರೆ ಬಂಡವಾಳ ಇಲ್ಲ. ಒಂದು ಶುದ್ಧ ಸೈನ್ ಅಲೆಯನ್ನ ಅದು ಕೊಡಬಹುದಾದ ಗರಿಷ್ಠ ಅಂದ್ರೆ ಸುಮಾರು 26 ವ್ಯಾಟ್. ಟ್ರಾನ್ಸಿಸ್ಟರುಗಳು ತಮ್ಮ ಪಾಲು ತಿಂದ ಮೇಲೆ ವಿರೂಪ ಇಲ್ಲದೆ ಸಿಗೋದು ಇಪ್ಪತ್ತಕ್ಕೂ ಕಡಿಮೆ. ಹಾಗಾದ್ರೆ ಸ್ಟೀರಿಯೋ ಮೇಲೆ 50 ಗುಣಿಸು 4 ಅಂತ ಬರೆದಿರ್ತಾರಲ್ಲ, ಅದು ಎಲ್ಲಿಂದ ಬಂತು? 14.4ರ ವರ್ಗವನ್ನ 4ರಿಂದ ಭಾಗಿಸಿ. 51.8 ಬರುತ್ತೆ. ಅಂದ್ರೆ ಆಂಪ್ಲಿಫೈಯರ್ ಪೂರ್ತಿ ಉಸಿರುಗಟ್ಟಿ ಚೌಕ ಅಲೆಯನ್ನ ಕಾರುವಾಗಿನ ಲೆಕ್ಕ ಅದು. ಸಂಗೀತ ಸತ್ತ ಮೇಲಿನ ಪವರ್!

ಹಾಗಾಗಿ ಸ್ಪೀಕರ್ ಡಬ್ಬದ ಮೇಲೆ ವ್ಯಾಟ್ ಹುಡುಕಬೇಡಿ, ಸೆನ್ಸಿಟಿವಿಟಿ ಹುಡುಕಿ. ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನೋ ಸಂಖ್ಯೆ. ಪ್ರತಿ 3 ಡೆಸಿಬೆಲ್ ಏರಿಸೋಕೆ ಎರಡು ಪಟ್ಟು ಪವರ್ ಬೇಕು. 92 ಡೆಸಿಬೆಲ್ಲಿನ ಒಂದು ಸ್ಪೀಕರ್ 5 ವ್ಯಾಟಿನಲ್ಲಿ ಮಾಡೋ ಕೆಲಸವನ್ನ 86ರ ಇನ್ನೊಂದು ಮಾಡ್ಬೇಕಾದ್ರೆ 20 ವ್ಯಾಟ್ ಬೇಕು. ಕಂಪನಿಯ ಸ್ಟೀರಿಯೋ ಹಾಗೇ ಉಳಿಸ್ಕೋಬೇಕು ಅನ್ನೋರಿಗೆ ಇದು ತುಂಬಾ ಮುಖ್ಯ. ಭಾರೀ ಆಯಸ್ಕಾಂತದ, ದೊಡ್ಡ ಆಂಪ್ಲಿಫೈಯರ್ ಬೇಡೋ ಸ್ಪೀಕರನ್ನ ಅಂಗಡಿಯವನ ಮಾತು ಕೇಳಿ ಹಾಕಿಸಿದ್ರೆ ಮೊದಲಿಗಿಂತ ಸಣ್ಣಗೆ ಕೇಳಿಸೋದೂ ಉಂಟು. ಆಗ ಅವನೇ ಹೇಳ್ತಾನೆ, "ಸಾರ್, ಇದಕ್ಕೆ ಆಂಪ್ ಹಾಕ್ಸ್‌ಬೇಕಿತ್ತು".

ಇನ್ನು ಸ್ಟೀರಿಯೋ ಉಳಿಸ್ಕೊಳ್ಳೋದು ಯಾಕೆ? ಮೊದಲಾದ್ರೆ ಅದೇ ಮೊದಲು ಹೋಗ್ತಾ ಇದ್ದಿದ್ದು. ಎಲ್ಲ ಕಾರಿಗೂ ಒಂದೇ ಅಳತೆಯ ತೂತು ಇರ್ತಿತ್ತು, 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ, ಜರ್ಮನಿಯ ಡಿನ್ ಮಾನದಂಡದ ಪ್ರಕಾರ. ಯಾವ ಕಂಪನಿಯ ಡೆಕ್ ಬೇಕಾದ್ರೂ ತೂರಿಸಬಹುದಿತ್ತು. ಕಳ್ಳರ ಕಾಟಕ್ಕೆ ಮುಂದಿನ ಪ್ಯಾನೆಲ್ ಕಿತ್ತು ಕನ್ನಡಕದ ಡಬ್ಬದಂಥದ್ದರಲ್ಲಿ ಹಾಕ್ಕೊಂಡು ಮದುವೆ ಮನೆಗೆ ಹೋಗ್ತಿದ್ದ ಮಾವಂದಿರು ನಿಮಗೂ ಇದ್ದಿರಬಹುದು. ಈಗಿನ ಕಾರುಗಳಲ್ಲಿ ಆ ತೂತೇ ಇಲ್ಲ. ಸ್ಕ್ರೀನೇ ಡ್ಯಾಶ್‌ಬೋರ್ಡು. ರಿವರ್ಸ್ ಕ್ಯಾಮೆರಾ, ಸ್ಟೀರಿಂಗ್ ಮೇಲಿನ ಬಟನ್, ಕೆಲವು ಕಾರಲ್ಲಿ ಏಸಿಯ ಸೆಟ್ಟಿಂಗ್ ಸಮೇತ ಎಲ್ಲವೂ ಅದರ ಜೊತೆ ಮಾತಾಡಿಕೊಂಡಿರುತ್ತೆ. ಅದನ್ನ ಕೀಳೋದು ಅಂದ್ರೆ ಹಲ್ಲುನೋವಿಗೆ ದವಡೆ ತೆಗೆಸಿದ ಹಾಗೆ. ಸಾಮಾನ್ಯರು ಕೈ ಹಾಕಬಹುದಾದ ಜಾಗ ಈಗ ಉಳಿದಿರೋದು ಬಾಗಿಲು ಒಂದೇ.

ಬಾಗಿಲಿನ ವಿಷಯಕ್ಕೆ ಬರ್ತೀನಿ. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಲ್ಲಿ ಇಟ್ಕೋಳ್ಳಿ ಅಂದ್ರೆ ಇದನ್ನ ಇಟ್ಕೋಳ್ಳಿ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತಲ್ಲ, ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸ ಮಾಡೋದು ಬಾಗಿಲು. ಸ್ಪೀಕರಿನ ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತೆ, ಅದೇ ಹೊತ್ತಿಗೆ ಹಿಂದೆ ಗಾಳಿ ಸಡಿಲ ಆಗುತ್ತೆ. ಈ ಎರಡೂ ಒಂದಕ್ಕೊಂದು ಸಿಕ್ಕಿದ್ರೆ ಪರಸ್ಪರ ಅಳಿಸಿ ಹಾಕುತ್ತೆ. ಕೆಳಗಿನ ಸ್ವರಗಳಲ್ಲಿ ಇದು ಹೆಚ್ಚು, ಯಾಕಂದ್ರೆ 100 ಹರ್ಟ್ಸಿನ ಒಂದು ಅಲೆಯ ಉದ್ದವೇ ಹತ್ತಿರ ಹತ್ತಿರ ಮೂರೂವರೆ ಮೀಟರ್. ಬಾಗಿಲಿನ ಒಂದೆರಡು ತೂತು ಸುತ್ತಿ ಬರೋದು ಅದಕ್ಕೆ ಯಾವ ಲೆಕ್ಕ? ಕಾರಿನ ಬಾಗಿಲ ಒಳ ತಗಡಿನಲ್ಲಿ ಕೈ ತೂರೋ ಅಷ್ಟು ದೊಡ್ಡ ತೂತುಗಳಿರುತ್ತೆ, ಬರೀ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ. ಹೊರ ತಗಡು ಬೆರಳಲ್ಲಿ ತಟ್ಟಿದ್ರೆ ಡಬ್ಬದ ಹಾಗೆ ಟಣ್ ಅನ್ನುತ್ತೆ. ಇಂಥಾ ಪೆಟ್ಟಿಗೆಯೊಳಗೆ ಹತ್ತು ಸಾವಿರದ ಸ್ಪೀಕರ್ ಹಾಕಿದ್ರೂ ಅದು ಹತ್ತು ಸಾವಿರದ ಗೊಗ್ಗರು ದನಿಯೇ.

ಪರಿಹಾರ ಏನೂ ದೊಡ್ಡದಲ್ಲ. ಬ್ಯುಟೈಲ್ ರಬ್ಬರಿನ ಮೇಲೆ ಅಲ್ಯೂಮಿನಿಯಂ ಹಾಳೆ ಇರೋ ಡ್ಯಾಂಪಿಂಗ್ ಶೀಟ್ ಸಿಗುತ್ತೆ. ಹೊರ ತಗಡಿನ ಒಳಮೈಗೆ ಅದನ್ನ ರೋಲರಿನಲ್ಲಿ ಚೆನ್ನಾಗಿ ಒತ್ತಿ ಅಂಟಿಸ್ಬೇಕು. ಮೂಲೆ ಮೂಲೆಯೂ ಮುಚ್ಚಬೇಕಿಲ್ಲ, ತಗಡಿನ ಮಧ್ಯದ ಕಾಲು ಭಾಗಕ್ಕೆ ಹಾಕಿದ್ರೂ ಅದರ ನಡುಕ ಸಾಕಷ್ಟು ಸಾಯುತ್ತೆ. ಒಳ ತಗಡಿನ ದೊಡ್ಡ ತೂತುಗಳನ್ನ ಮುಚ್ಚಬೇಕು. ಸ್ಪೀಕರ್ ಮತ್ತು ತಗಡಿನ ಮಧ್ಯೆ, ಹಾಗೇ ಸ್ಪೀಕರ್ ಮತ್ತು ಡೋರ್ ಪ್ಯಾಡಿನ ಗ್ರಿಲ್ ಮಧ್ಯೆ ಫೋಮಿನ ಉಂಗುರ ಇಡ್ಬೇಕು, ಶಬ್ದ ಪ್ಯಾಡಿನ ಹಿಂದೆ ಸೋರಿ ಹೋಗದ ಹಾಗೆ. ಟಾರಿನಂಥ ಅಗ್ಗದ ಶೀಟುಗಳಿಗೆ ಆಸೆ ಪಡಬೇಡಿ, ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಕರಗಿ ಜಾರುತ್ತೆ, ವಾಸನೆ ಬೇರೆ.

ಮಲೆನಾಡಿನವರಿಗೆ, ಕರಾವಳಿಯವರಿಗೆ ಒಂದು ಮಾತು ಜಾಸ್ತಿ ಹೇಳ್ತೀನಿ. ಬಾಗಿಲೊಳಗೆ ನೀರು ಬರೋದು ಸಹಜ. ಕಿಟಕಿ ಗಾಜಿನ ಪಕ್ಕದಿಂದ ಮಳೆ ನೀರು ಒಳಗಿಳಿದು ಬಾಗಿಲ ತಳದ ಸಣ್ಣ ತೂತುಗಳಿಂದ ಆಚೆ ಹೋಗುತ್ತೆ, ಹಾಗೇ ಮಾಡಿರೋದು. ಆ ತಳದ ತೂತು ಯಾವ ಕಾರಣಕ್ಕೂ ಮುಚ್ಚಬಾರದು. ಆ ತೆಳು ಪ್ಲಾಸ್ಟಿಕ್ ಹಾಳೆ ಇರೋದೂ ನೀರು ಕಾರಿನೊಳಗೆ ಬರದ ಹಾಗೆ ತಡೆಯೋಕೆ, ಅದನ್ನ ಹರಿದು ಬಿಸಾಕಿದ್ರೆ ಮೊದಲ ಮಳೆಗೇ ಮ್ಯಾಟ್ ಒದ್ದೆ. ಸ್ಪೀಕರ್ ಎತ್ತರಿಸೋಕೆ ಹಾಕೋ ಉಂಗುರ ಎಮ್‌ಡಿಎಫ್ ಮರದ ಹಿಟ್ಟಿಂದು ಆದ್ರೆ ಆಗುಂಬೆ ಮಳೆಯಲ್ಲಿ ಒಂದು ವರ್ಷ ತಡೆಯಲ್ಲ, ಹಪ್ಪಳದ ಹಾಗೆ ಉಬ್ಬುತ್ತೆ. ಗಟ್ಟಿ ಪ್ಲಾಸ್ಟಿಕ್ಕಿಂದು ಕೇಳಿ ತಗೊಳ್ಳಿ. ಕೆಲವು ಹೊಸ ಕಾರುಗಳಲ್ಲಿ ಪಕ್ಕದಿಂದ ಡಿಕ್ಕಿ ಹೊಡೆದದ್ದನ್ನ ಗುರುತಿಸೋ ಸೆನ್ಸರ್ ಬಾಗಿಲೊಳಗಿನ ಗಾಳಿಯ ಒತ್ತಡ ನೋಡ್ತಿರುತ್ತೆ. ಅಂಥಾ ಬಾಗಿಲಿನ ತೂತುಗಳ ಜೊತೆ ಆಟ ಆಡೋ ಮೊದಲು ನಿಮ್ಮ ಕಾರಲ್ಲಿ ಅದಿದೆಯಾ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇದ್ರೆ ತೂತು ಮುಚ್ಚೋ ಕೆಲಸ ಬಿಟ್ಟುಬಿಡಿ, ಹಾಡಿಗಿಂತ ಏರ್‌ಬ್ಯಾಗ್ ದೊಡ್ಡದು.

ವೈರಿನ ವಿಷಯ. ನನ್ನ ಸಹೋದ್ಯೋಗಿಯೊಬ್ಬರ ಕಾರಿಗೆ ಒಂದು ಅಂಗಡಿಯಲ್ಲಿ (ಹೆಸರು ಬೇಡ ಬಿಡಿ) ಕಂಪನಿಯ ಕಪ್ಲರ್ ಕತ್ತರಿಸಿ, ವೈರಿಗೆ ವೈರ್ ತಿರುಚಿ, ಕಪ್ಪು ಟೇಪ್ ಸುತ್ತಿ ಕೊಟ್ಟಿದ್ರು. ಮಳೆಗಾಲ ಬಂತು. ಒಂದು ಬಾಗಿಲಿನ ಪವರ್ ವಿಂಡೋ ಮನಸ್ಸು ಬಂದಾಗ ಕೆಲಸ ಮಾಡೋಕೆ ಶುರು ಮಾಡ್ತು. ಸರ್ವಿಸ್ ಸೆಂಟರಿನವರು ಪ್ಯಾಡ್ ಬಿಚ್ಚಿ, ಟೇಪ್ ನೋಡಿ, ಫೋಟೋ ತೆಗೆದು, ವೈರಿಂಗಿಗೆ ವಾರಂಟಿ ಕೊಡಲ್ಲ ಅಂದ್ರು. ಟೇಪಿಗೂ ವಿಂಡೋ ಹಾಳಾಗಿದ್ದಕ್ಕೂ ಸಂಬಂಧ ಇತ್ತೋ ಇಲ್ವೋ, ವಾದ ಮಾಡೋಕೆ ಇವರ ಹತ್ರ ಏನೂ ಉಳಿದಿರ್ಲಿಲ್ಲ. ಆ ಕಾರಿನ ಮಾಡೆಲ್ಲಿಗೆ ಸರಿಯಾಗಿ ಕೂರೋ ಕಪ್ಲರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಒಂದು ಕಡೆ ಕಂಪನಿಯ ಸಾಕೆಟ್ಟಿಗೆ, ಇನ್ನೊಂದು ಕಡೆ ಹೊಸ ಸ್ಪೀಕರಿಗೆ. ಟಕ್ ಅಂತ ಕೂರುತ್ತೆ, ಟಕ್ ಅಂತ ಬಿಚ್ಚುತ್ತೆ. ನನಗೆ ಸ್ಟಾಕ್ ಲುಕ್ ಅಂದ್ರೆ ಇದೂ ಸೇರಿ. ಹೊರಗಿನ ಗ್ರಿಲ್ ಹಾಗೇ ಇದ್ದು ಒಳಗೆ ವೈರ್ ಕತ್ತರಿಸಿದ್ರೆ ಅದು ಮೇಕಪ್ ಅಷ್ಟೇ.

ಟ್ವೀಟರ್ ಬಗ್ಗೆ. ಕಾಂಪೊನೆಂಟ್ ಸೆಟ್ ಅಂದ್ರೆ ವೂಫರ್ ಬೇರೆ, ಟ್ವೀಟರ್ ಬೇರೆ. ಕೋಆಕ್ಸಿಯಲ್ ಅಂದ್ರೆ ಟ್ವೀಟರು ವೂಫರಿನ ಮಧ್ಯದಲ್ಲೇ ಕೂತಿರುತ್ತೆ. ಕೋಆಕ್ಸಿಯಲ್ ಹಾಕೋದು ಸುಲಭ, ಆದ್ರೆ ಟ್ವೀಟರ್ ಮತ್ತೆ ಮೊಣಕಾಲಿಗೇ ಹಾಡುತ್ತೆ. ಮೇಲಿನ ಸ್ವರ ನೇರ ರೇಖೆಯಲ್ಲಿ ಹೋಗೋ ಗುಣದ್ದು, ಕಿವಿಯ ಎತ್ತರಕ್ಕೆ ಬಂದಷ್ಟೂ ಒಳ್ಳೇದು. ಅನೇಕ ಕಾರುಗಳಲ್ಲಿ ಮೇಲಿನ ವೇರಿಯಂಟಿಗೆ ಹೊರಗಿನ ಕನ್ನಡಿಯ ಹಿಂದಿನ ತ್ರಿಕೋನದಲ್ಲಿ ಟ್ವೀಟರ್ ಕೊಟ್ಟಿರ್ತಾರೆ, ಕೆಳಗಿನ ವೇರಿಯಂಟಿಗೆ ಅದೇ ಜಾಗದಲ್ಲಿ ಬೋಳು ಪ್ಲಾಸ್ಟಿಕ್. ಮೇಲಿನ ವೇರಿಯಂಟಿನ ತ್ರಿಕೋನವನ್ನೇ ಬಿಡಿಭಾಗದ ಅಂಗಡಿಯಿಂದ ತಂದು ಹಾಕಿದ್ರೆ, ಕಾರು ಕಂಪನಿಯಲ್ಲೇ ಹಾಗೆ ಹುಟ್ಟಿದಂತೆ ಕಾಣುತ್ತೆ. ನಮ್ಮನೆ ಕಾರಿಗೆ ಮಾಡಿದ್ದು ಇದೇ. ಮುಂದಿನ ಕಂಬಕ್ಕೆ, ಅಂದ್ರೆ ಗಾಜಿನ ಪಕ್ಕದ ಪಿಲ್ಲರಿಗೆ ಮಾತ್ರ ಸ್ಕ್ರೂ ಹೊಡೆಸಬೇಡಿ. ಈಗ ಚಿಕ್ಕ ಕಾರುಗಳಲ್ಲೂ ಆರು ಏರ್‌ಬ್ಯಾಗ್ ಬರ್ತಿದೆ, ಕರ್ಟನ್ ಏರ್‌ಬ್ಯಾಗ್ ಹಾದು ಹೋಗೋದು ಅಲ್ಲೇ.

ಹಿಂದಿನ ಬಾಗಿಲಿನ ಸ್ಪೀಕರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಜಗಳಕ್ಕೆ ಬರೋರು ಬರಬಹುದು :) ಹಾಡು ಎದುರಿಂದ ಬರಬೇಕು, ಯಾವ ಕಚೇರಿಯಲ್ಲಿ ನಾವು ವೇದಿಕೆಗೆ ಬೆನ್ನು ಹಾಕಿ ಕೂತಿದೀವಿ? ಆ ದುಡ್ಡನ್ನ ಮುಂದಿನ ಬಾಗಿಲಿನ ಡ್ಯಾಂಪಿಂಗಿಗೆ ಸುರೀರಿ.

ಗೆಳೆಯರು ಕೇಳೋ ಇನ್ನೊಂದು ಪ್ರಶ್ನೆ, ಇಷ್ಟೆಲ್ಲ ಒದ್ದಾಡೋ ಬದಲು ಟಾಪ್ ವೇರಿಯಂಟನ್ನೇ ತಗೊಂಡ್ರೆ ಆಯ್ತಲ್ಲ ಅಂತ. ಕಾರಿನೊಳಗಿನ ಜಾಗಕ್ಕೆ ತಕ್ಕ ಹಾಗೆ ಕಂಪನಿಯಲ್ಲೇ ಧ್ವನಿ ಹೊಂದಿಸಿ ಕೊಡೋ ಪದ್ಧತಿ ಹೊಸದಲ್ಲ, ಬೋಸ್ ಅದನ್ನ 1983ರ ಮಾಡೆಲ್ ಕ್ಯಾಡಿಲಾಕ್ ಸೆವಿಲ್ಲಿಗೆ ಮಾಡಿ ಕೊಟ್ಟಿತ್ತು. ನಮ್ಮಲ್ಲಿ 2021ರಲ್ಲಿ ಬಂದ ಎಕ್ಸ್‌ಯುವಿ 700ರಲ್ಲಿ ಸೋನಿಯ 12 ಸ್ಪೀಕರ್ ಕೊಟ್ರು. ಅಂಥಾ ಕಾರು ನಿಮ್ಮದಾಗಿದ್ರೆ ಸುಮ್ಮನೆ ಕೂತು ಕೇಳಿ, ಏನೂ ಮುಟ್ಟಬೇಡಿ. ಪ್ರತ್ಯೇಕ ಆಂಪ್ಲಿಫೈಯರ್ ಇರೋ ವ್ಯವಸ್ಥೆಗಳಲ್ಲಿ ಸ್ಪೀಕರಿನ ಇಂಪೀಡೆನ್ಸ್ 2 ಓಮ್ ಇರಬಹುದು, ಇನ್ನೇನೇನೋ ಲೆಕ್ಕ ಇರಬಹುದು, ಅಲ್ಲಿ 4 ಓಮಿನ ಸ್ಪೀಕರ್ ಹಾಕಿದ್ರೆ ಇದ್ದದ್ದೂ ಹೋಗುತ್ತೆ. ಆದ್ರೆ ಸಾಮಾನ್ಯ ಹ್ಯಾಚ್‌ಬ್ಯಾಕಿನ ಟಾಪ್ ವೇರಿಯಂಟಿಗೆ ಲಕ್ಷ ರೂಪಾಯಿ ಜಾಸ್ತಿ ಕೊಟ್ಟು ಅದೇ ಪೇಪರ್ ಕೋನ್ ಸ್ಪೀಕರಿನ ಜೊತೆ ಎರಡು ಪುಟ್ಟ ಟ್ವೀಟರ್ ಪಡೆಯೋದಿದೆಯಲ್ಲ, ಅದು ನನಗೆ ಅರ್ಥ ಆಗಲ್ಲ. ನಮ್ಮನೆ ಕಾರಿಗೆ ಮುಂದಿನ ಕಾಂಪೊನೆಂಟ್ ಸೆಟ್, ಎರಡು ಬಾಗಿಲ ಡ್ಯಾಂಪಿಂಗ್, ಕಪ್ಲರ್, ತ್ರಿಕೋನ, ಕೂಲಿ ಎಲ್ಲ ಸೇರಿ ಹದಿನೈದು ಸಾವಿರ ದಾಟಲಿಲ್ಲ.

ಅಷ್ಟಕ್ಕೂ ಸಮಾಧಾನ ಆಗದೆ ಇದ್ರೆ ಸೀಟಿನ ಕೆಳಗೆ ಕೂರೋ ಡಿಎಸ್‌ಪಿ ಇರೋ ಪುಟ್ಟ ಆಂಪ್ಲಿಫೈಯರ್ ಹಾಕಬಹುದು. ಅದು ಕಂಪನಿಯ ಸ್ಟೀರಿಯೋದಿಂದ ಬರೋ ಸ್ಪೀಕರ್ ಸಿಗ್ನಲನ್ನೇ ತಗೊಂಡು ಸರಿಪಡಿಸುತ್ತೆ. ಕೆಲವು ಸ್ಟೀರಿಯೋಗಳು ವಾಲ್ಯೂಮ್ ಏರಿದಂತೆ ಬೇಸ್ ಇಳಿಸ್ತಾವೆ, ಅಗ್ಗದ ಸ್ಪೀಕರ್ ಹರಿಯದ ಹಾಗೆ. ಅದನ್ನೂ ತಕ್ಕಮಟ್ಟಿಗೆ ಸರಿದೂಗಿಸುತ್ತೆ. ಇನ್ನೊಂದು ಜಾಣತನ ಅದರಲ್ಲಿದೆ. ನಮ್ಮಲ್ಲಿ ಡ್ರೈವರ್ ಕೂರೋದು ಬಲಕ್ಕೆ, ಎಡದ ಸ್ಪೀಕರ್ ಸುಮಾರು 70 ಸೆಂಟಿಮೀಟರ್ ಜಾಸ್ತಿ ದೂರ ಅಂತಿಟ್ಕೊಳ್ಳಿ. ಶಬ್ದ ಅಷ್ಟು ದೂರ ಬರೋಕೆ ಎರಡು ಮಿಲಿಸೆಕೆಂಡ್ ಬೇಕು. ಬಲದ ಸ್ಪೀಕರನ್ನ ಅಷ್ಟೇ ತಡ ಮಾಡಿಸಿದ್ರೆ ಗಾಯಕರು ಡ್ಯಾಶ್‌ಬೋರ್ಡಿನ ನಡುವಿಗೆ ಬಂದು ನಿಲ್ತಾರೆ. ಮ್ಯಾಜಿಕ್ಕೇ ಸರಿ! ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ನೇರ ವೈರ್ ಎಳೆಯೋದಾದ್ರೆ ಮಾತ್ರ ಬ್ಯಾಟರಿಯ ಒಂದೂವರೆ ಅಡಿ ಒಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದ ವೈರ್ ಎಲ್ಲಾದ್ರೂ ಉಜ್ಜಿ ತಗಡಿಗೆ ತಾಗಿದ್ರೆ ಬೆಂಕಿ. ಇದರಲ್ಲಿ ಮಾತ್ರ ಅಡ್ಜಸ್ಟ್ ಮಾಡ್ಕೊಳ್ಳೋ ಮಾತೇ ಇಲ್ಲ.

ಹಾಕಿಸಿದ ಮೇಲೆ ಪರೀಕ್ಷೆ ಹೇಗೆ? ಅಂಗಡಿಯವರು ಯಾವುದೋ ಢಂ ಢಂ ಹಾಡು ಹಾಕಿ "ಹೆಂಗಿದೆ ಸಾರ್?" ಅಂತಾರೆ. ಅದನ್ನ ಆಫ್ ಮಾಡಿಸಿ, ಅರವತ್ತರ ದಶಕದ ಒಂದು ಪಿ.ಬಿ.ಎಸ್. ಹಾಡು ಹಾಕಿಸಿ. ಅವು ಮೊನೊ ರೆಕಾರ್ಡಿಂಗುಗಳು, ಎಡಕ್ಕೂ ಬಲಕ್ಕೂ ಬರೋದು ಒಂದೇ ಸಿಗ್ನಲ್. ಎರಡೂ ಸ್ಪೀಕರ್ ಸರಿಯಾಗಿ ಜೋಡಿಸಿದ್ರೆ ದನಿ ಗಟ್ಟಿಯಾಗಿ ಒಂದೇ ಕಡೆಯಿಂದ ಬರುತ್ತೆ. ಒಂದು ಕಡೆ ಪ್ಲಸ್ ಮೈನಸ್ ಅದಲು ಬದಲಾಗಿದ್ರೆ ದನಿ ಎಲ್ಲೆಲ್ಲೋ ಚದುರಿ, ಕೆಳಸ್ವರ ಮಾಯ ಆಗಿ, ಬಾವಿಯೊಳಗಿಂದ ಹಾಡಿದ ಹಾಗೆ ಕೇಳಿಸುತ್ತೆ. ಅನುಮಾನ ಬಂದ್ರೆ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ಲನ್ನ ವೂಫರಿನ ವೈರಿಗೆ ಕ್ಷಣ ತಾಗಿಸಿ, ಪ್ಲಸ್ಸಿಗೆ ಪ್ಲಸ್ ಸಿಕ್ಕಿದ್ರೆ ಕೋನ್ ಹೊರಗೆ ಉಬ್ಬುತ್ತೆ. ಆಮೇಲೆ ಯಾವುದಾದ್ರೂ ಕಚೇರಿಯ ರೆಕಾರ್ಡಿಂಗ್ ಹಾಕಿ ತಂಬೂರಿ ಕೇಳಿ. ಆ ಜೀವಾರಿಯ ಝೇಂಕಾರ ನೂಲಿನ ಹಾಗೆ ಬಿಡಿ ಬಿಡಿಯಾಗಿ ಕೇಳಿಸಿದ್ರೆ ಟ್ವೀಟರ್ ಸರಿ ಇದೆ, ಬರೀ ಗುಂಯ್ ಅಂದ್ರೆ ಇಲ್ಲ. ಡಗ್ಗಾದ ಮೇಲೆ ಅಂಗೈ ಜಾರಿಸಿದಾಗ ಸ್ವರ ಬಾಗೋದು ಕೇಳಿಸಿದ್ರೆ ಬಾಗಿಲು ಗೆದ್ದಿತು. ಯಕ್ಷಗಾನದಲ್ಲಿ ಚೆಂಡೆಯ ಏಟಿನ ನಡುವೆ ಮದ್ದಲೆಯ ನುಡಿತ ಮುಳುಗಿ ಹೋಗಬಾರದು.

ಇಷ್ಟೆಲ್ಲ ಆದ ಮೇಲೂ ಕಾರು ನೋಡೋಕೆ ಮೊದಲಿನ ಹಾಗೇ ಇರುತ್ತೆ. ಅದರಿಂದ ಲಾಭ ಏನು ಅಂತ ಮತ್ತೆ ಕೇಳಿದ್ರೆ, ಗಾಜಿನಿಂದ ಇಣುಕಿ ನೋಡಿದವನಿಗೆ ಕದಿಯೋಕೆ ಏನೂ ಕಾಣಲ್ಲ. ಮಾರುವಾಗ "ಆಲ್ಟರ್ ಮಾಡ್ಸಿದೀರಾ" ಅಂತ ಯಾರೂ ರೇಟ್ ಇಳಿಸಲ್ಲ. ಹೊಸ ಸ್ಪೀಕರ್ ಬಿಚ್ಚಿ ಮುಂದಿನ ಕಾರಿಗೆ ಹಾಕ್ಕೋಬಹುದು. ಇವೆಲ್ಲ ಇದ್ದಿದ್ದೇ. ಇದಕ್ಕಿಂತ ದೊಡ್ಡದು ನನಗೆ ಕಾಣೋದು ಬೇರೆ. ಬೇಸ್ ಟ್ಯೂಬ್ ಹಾಕಿಸಿದವರು ಸಿಗ್ನಲ್ಲಿನಲ್ಲಿ ಗಾಜು ಇಳಿಸಿ ಪಕ್ಕದವರ ಎದೆ ನಡುಗಿಸ್ತಾರಲ್ಲ, ಅವರ ಸಿಸ್ಟಮ್ ಇರೋದು ರಸ್ತೆಯವರಿಗಾಗಿ. ಕಾರಿನೊಳಗೆ ಕೂತ ತಾಯಿ, ಹೆಂಡತಿ, ಮಗು ಅದನ್ನ ಸಹಿಸಿಕೊಳ್ತಿರ್ತಾರೆ. ಒಳಗಿನವರಿಗಾಗಿ ಹಾಕಿಸಿದ ಸಿಸ್ಟಮ್ಮಿಗೆ ಹೊರಗೆ ಹೆಸರು ಬರೆಸಿಕೊಳ್ಳೋ ಅವಸರ ಯಾಕೆ ಬೇಕು?

ಎಲ್ಲರಿಗೂ ಇದು ಒಪ್ಪಿಗೆ ಆಗ್ಬೇಕಿಲ್ಲ. ಡಿಕ್ಕಿಯಲ್ಲಿ ಚಂದದ ಮರದ ಕೆಲಸ ಮಾಡಿಸಿ, ಲೈಟ್ ಹಾಕಿಸಿ, ಸ್ಪರ್ಧೆಗಳಿಗೆ ತಗೊಂಡು ಹೋಗೋ ಹವ್ಯಾಸಿಗಳಿದಾರೆ, ಅದು ಬೇರೆಯೇ ಕಲೆ, ನಮಸ್ಕಾರ. ನನ್ನ ತಕರಾರು ಹವ್ಯಾಸದ ಮೇಲಲ್ಲ. ಬರೀ ಹಾಡು ಚೆನ್ನಾಗಿ ಕೇಳಿಸಲಿ ಅಂತ ಅಂಗಡಿಗೆ ಹೋದವನಿಗೆ ಲೈಟು, ಟ್ಯೂಬು, ಕತ್ತರಿಸಿದ ವೈರು ಕೊಟ್ಟು ಕಳಿಸ್ತಾರಲ್ಲ, ಅದರ ಮೇಲೆ.

ಕಳೆದ ದೀಪಾವಳಿಗೆ ಅಪ್ಪ ಅಮ್ಮ ಬೆಂಗಳೂರಿಗೆ ಬಂದರು. ವಾಲ್ಯೂಮ್ ಮೊದಲು 28ರ ಹತ್ತಿರ ಇರ್ತಿತ್ತು, ಈಗ 15ರಲ್ಲಿ ನಿಂತಿದೆ. ಅಮ್ಮ ತುಮಕೂರು ದಾಟಿದ ಮೇಲೂ ಆಫ್ ಮಾಡಿಸಿಲ್ಲವಂತೆ. ಅಪ್ಪನ ದೂರು ಈಗ ಬೇರೆ. ನಾಗಮಂಡಲದ ಹಾಡಿನಲ್ಲಿ ಇಷ್ಟು ವರ್ಷ ತಾವು ಒಂದು ಪದವನ್ನ ತಪ್ಪಾಗಿ ಹಾಡ್ಕೊಳ್ತಿದ್ರಂತೆ, ಅದನ್ನ ಅಮ್ಮ ಅರಸೀಕೆರೆ ಹತ್ರ ಕಂಡುಹಿಡಿದು ಇಲ್ಲೀತನಕ ಆಡಿಕೊಂಡು ಬಂದ್ರಂತೆ.

ಹಳೇ ಎರಡು ಸ್ಪೀಕರು, ಅವುಗಳ ಸ್ಕ್ರೂ, ಬೋಳು ತ್ರಿಕೋನ ಎರಡು, ಉಳಿದ ನಾಲ್ಕು ಕ್ಲಿಪ್ಪು ಎಲ್ಲ ಒಂದು ರಟ್ಟಿನ ಡಬ್ಬದಲ್ಲಿ ಊರಮನೆ ಅಟ್ಟದ ಮೇಲಿದೆ. ಮೇಲೆ ಅಪ್ಪ ಸ್ಕೆಚ್ ಪೆನ್ನಲ್ಲಿ "ಕಾರಿನ ಅಸಲಿ" ಅಂತ ಬರೆದಿಟ್ಟಿದಾರೆ.